ಎದೆಯ ಹೊಲಿಗೆಯಿಂದ ತಾಜಾ ರಕ್ತ ಜಿನುಗಿದರೆ

ಹೃದಯದ ರಂಧ್ರ ಮುಚ್ಚಿಸಿಕೊಂಡು ಮೂರು ವಾರವಾದ ಕೂಸು. ಬಿಟ್ಟು ಬಿಟ್ಟು ಜ್ವರ, ಎದೆಯ ಹೊಲಿಗೆಯ ತುದಿಯಲ್ಲಿ ಕೀವು. ಒಂದು ದಿನ ಡ್ರೆಸ್ಸಿಂಗ್ ಬಿಚ್ಚಿದಾಗ ಕೆಂಪನೆಯ ತಾಜಾ ರಕ್ತ. ಒತ್ತಿ ಹಿಡಿದರೆ ನಿಲ್ಲುತ್ತದೆ. ಚರ್ಮದ ರಕ್ತವೆಂದುಕೊಂಡು ಇನ್ನೊಂದು ಹೊಲಿಗೆ ಹಾಕಿ ಮನೆಗೆ ಕಳಿಸುವ ತಪ್ಪು ಆಗುವುದು ಇಲ್ಲಿಯೇ. ಸೋಂಕು ತಗುಲಿದ ಮಹಾಪಧಮನಿ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಪೂರ್ತಿ ಒಡೆಯುವ ಮುನ್ನ ಹೀಗೆ ಒಂದೆರಡು ಸಲ ಜಿನುಗಿ ನಿಲ್ಲುವುದುಂಟು.

ಆಪರೇಷನ್ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಮಷಿನ್‌ನಿಂದ ರಕ್ತ ಮರಳುವ ಕೊಳವೆಯನ್ನು ಸಾಮಾನ್ಯವಾಗಿ ಮಹಾಪಧಮನಿಯ ಆರಂಭದ ಭಾಗಕ್ಕೆ ತೂರಿಸುತ್ತಾರೆ. ಅದರ ಸುತ್ತ ಚೀಲದ ಬಾಯಿಗೆ ಲಾಡಿ ಹಾಕಿದಂತೆ ಹೊಲಿಗೆ. ಕೊಳವೆ ಹೊರಬಂದೊಡನೆ ಎಳೆದು ಗಂಟು. ಅದರ ಕೆಳಗೆ ಕಾರ್ಡಿಯೋಪ್ಲೀಜಿಯಾ (ಆಪರೇಷನ್ ವೇಳೆ ಹೃದಯ ನಿಲ್ಲಿಸುವ ದ್ರಾವಣ) ಕೊಟ್ಟ ಸೂಜಿಯ ತೂತು. ಎದೆಮೂಳೆಯ ಸೋಂಕು ಒಳಗಿಳಿದರೆ ಹಿಡಿಯುವುದು ಹೆಚ್ಚಾಗಿ ಈ ಜಾಗಗಳನ್ನೇ. ಅಲ್ಲಿ ನೂಲಿದೆ, ಗಂಟಿಗೆ ಸಿಕ್ಕ ಗೋಡೆಗೆ ರಕ್ತ ಸಾಲದು. ಗೋಡೆ ತೂತಾಗಿ ಹೊರಬಂದ ರಕ್ತವನ್ನು ಸುತ್ತಲಿನ ಅಂಟಿದ ಅಂಗಾಂಶ ತಡೆದು ನಿಲ್ಲಿಸಿದರೆ ಅಲ್ಲೊಂದು ರಕ್ತದ ಚೀಲವಾಗುತ್ತದೆ; ಅದೇ ಹುಸಿ ಅನ್ಯೂರಿಸಂ. ಇದಕ್ಕೆ ‘ಮೈಕೋಟಿಕ್’ (ಫಂಗಸ್ಸಿನದು) ಎನ್ನುವ ಹೆಸರು ದಾರಿ ತಪ್ಪಿಸುತ್ತದೆ. ಫಂಗಸ್ ಅಪರೂಪ, ಸ್ಟೆಫೈಲೊಕಾಕಸ್ ಆರಿಯಸ್‌ನಂಥ ಬ್ಯಾಕ್ಟೀರಿಯಾಗಳದ್ದೇ ಹೆಚ್ಚು ಕಾರುಬಾರು.

ಎಕ್ಸ್‌ರೇಯಲ್ಲಿ ಎದೆಯ ನಡುಭಾಗ ಅಗಲವಾಗಿ ಕಂಡರೆ ಡಿಸ್ಚಾರ್ಜ್ ದಿನದ ಫಿಲ್ಮ್ ಪಕ್ಕಕ್ಕಿಟ್ಟು ನೋಡಿ. ಎಕೋ (ಹೃದಯದ ಅಲ್ಟ್ರಾಸೌಂಡ್) ನಾರ್ಮಲ್ ಎಂದು ನೆಮ್ಮದಿಯಾಗಬೇಡಿ, ಎದೆಮೂಳೆಯ ಬೆನ್ನಿಗೇ ಅಂಟಿ ಕೂತ ಚೀಲ ಅದರ ಕಣ್ಣಿಗೆ ಬೀಳದೇ ಇರಬಹುದು. ಸಿಟಿ ಆಂಜಿಯೋಗ್ರಾಂ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಬೇಕೇ ಬೇಕು. ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ತೆಗೆದುಕೊಂಡೇ ಆಂಟಿಬಯೋಟಿಕ್ ಶುರುಮಾಡಿ. ಗಾಯದೊಳಗೆ ಪ್ರೋಬ್ (ಪರೀಕ್ಷಿಸುವ ಸಲಾಕೆ) ಆಡಿಸಬೇಡಿ, ಹೆಪ್ಪು ಕೀಳಬೇಡಿ. ಮಗು ಜೋರಾಗಿ ಅತ್ತರೆ ಬಿಪಿ ಏರುತ್ತದೆ; ಹಾಗಾಗಿ ಸೂಜಿ ಚುಚ್ಚುವ ಕೆಲಸವೆಲ್ಲ ಒಂದೇ ಸಲಕ್ಕೆ ಮುಗಿಯಲಿ. ಕ್ರಾಸ್‌ಮ್ಯಾಚ್ ಆದ (ಮಗುವಿನ ರಕ್ತಕ್ಕೆ ಹೊಂದುತ್ತದೆಂದು ಪರೀಕ್ಷಿಸಿದ) ರಕ್ತ ಕೈಗೆಟುಕುವಲ್ಲಿರಲಿ.

ಆಪರೇಷನ್‌ನಲ್ಲಿ ಭಯ ಗರಗಸದ್ದು. ಮೂಳೆ ಸೀಳುವಾಗ ಚೀಲವೂ ಸೀಳಿದರೆ ಬೆರಳಿಡಲೂ ಸಮಯ ಸಿಗದು. ಅದಕ್ಕೇ ಎದೆ ತೆರೆಯುವ ಮೊದಲೇ ಬೈಪಾಸ್ (ಅದೇ ಹಾರ್ಟ್-ಲಂಗ್ ಮಷಿನ್) ಸಿದ್ಧವಿರಬೇಕು. ಕೂಸುಗಳ ತೊಡೆಯ ಧಮನಿ ಕೊಳವೆ ಹಿಡಿಯದಷ್ಟು ಸಣ್ಣದು. ಆಗ ಕುತ್ತಿಗೆಯ ಕೆರೋಟಿಡ್ ಧಮನಿಯೇ ದಾರಿ. ಚೀಲ ಮೂಳೆಗೆ ಅಂಟಿದ್ದರೆ ಮೈಯನ್ನು ಮೊದಲೇ ತಂಪುಮಾಡಿಕೊಳ್ಳುತ್ತಾರೆ. 18ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಂಪ್ ಕೆಲಹೊತ್ತು ನಿಲ್ಲಿಸಿ, ರಕ್ತವಿಲ್ಲದ ಜಾಗದಲ್ಲಿ ತೂತು ಹುಡುಕಬಹುದು.

ತೂತಿಗೆ ಬರೀ ಹೊಲಿಗೆ ಹಾಕಿದರೆ ಹಸಿ ಹಲಸಿನ ತೊಳೆಗೆ ದಾರ ಬಿಗಿದ ಹಾಗೆ, ನೂಲು ಗೋಡೆಯನ್ನು ಕೊಯ್ದುಕೊಂಡು ಹೊರಬರುತ್ತದೆ. ಗಟ್ಟಿ ಅಂಚು ಸಿಗುವತನಕ ಕೊಳೆತದ್ದನ್ನು ಕತ್ತರಿಸಲೇಬೇಕು. ತೇಪೆಗೆ ಡಾಕ್ರಾನ್‌ಗಿಂತ ಹೋಮೋಗ್ರಾಫ್ಟ್ (ದಾನಿಯ ರಕ್ತನಾಳದ ತುಂಡು) ಅಥವಾ ಪೆರಿಕಾರ್ಡಿಯಂ (ಹೃದಯದ ಹೊರಪೊರೆ) ಲೇಸು, ಸಿಂಥೆಟಿಕ್ ಬಟ್ಟೆಯಲ್ಲಿ ಸೋಂಕು ಮತ್ತೆ ಗೂಡು ಕಟ್ಟುತ್ತದೆ. ಕಲ್ಚರ್ ನೋಡಿ ಆರಿಸಿದ ಆಂಟಿಬಯೋಟಿಕ್ ಸಾಮಾನ್ಯವಾಗಿ 6 ವಾರ, ರಕ್ತನಾಳದ ಮೂಲಕವೇ. ನಿಲ್ಲಿಸುವ ಮೊದಲು ಇನ್ನೊಂದು ಸ್ಕ್ಯಾನ್ ಮಾಡಿ ನೋಡುವುದು ಕ್ಷೇಮ: ತೇಪೆಯ ಅಂಚಿನಲ್ಲಿ ಹೊಸ ಚೀಲ ಹುಟ್ಟುವಾಗ ಜ್ವರ ಬಂದೇ ಬರುತ್ತದೆಂದೇನಿಲ್ಲ.