ಕಿವುಡ ಕ್ಲೈಂಟ್, ಇಂಟರ್‌ಪ್ರಿಟರ್: ಈ ಮಾತುಕತೆ ಯಾರದ್ದು?

ಸನ್ನೆ ಭಾಷೆಯ ಇಂಟರ್‌ಪ್ರಿಟಿಂಗ್ ಕಲಿಯಲು ಬರುವ ನಮಗೆಲ್ಲ ಮೊದಲ ಚಿಂತೆ ಕೈಯದ್ದು. ಸನ್ನೆ ಸರಿಯಿದೆಯಾ, ವೇಗ ಸಾಕಾ, ಬೆರಳಲ್ಲಿ ಅಕ್ಷರ ಹೇಳುವಾಗ ತೊಡರುತ್ತೇವಾ ಅಂತ. ಆದರೆ ಕಿವುಡರು ಇಂಟರ್‌ಪ್ರಿಟರ್‌ಗಳ ಬಗ್ಗೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದನ್ನು ನೋಡಿದರೆ ಬೇರೆಯದೇ ದೂರುಗಳು ಸಿಗುತ್ತವೆ. ನಾನು ಎದುರಿಗೇ ಕೂತಿದ್ದೆ, ನನ್ನ ಬದಲು ಇವಳೇ ಉತ್ತರ ಕೊಟ್ಟಳು. ಡಾಕ್ಟರ ಜೊತೆ ಇವನೇ ನಗಾಡಿಕೊಂಡು ಮಾತಾಡಿದ, ಏನು ಅಂತ ನನಗೆ ಹೇಳಲಿಲ್ಲ. ನನ್ನ ಮನೆ ವಿಷಯ ಸಂಘದಲ್ಲಿ ಎಲ್ಲರಿಗೂ ಗೊತ್ತಾಯಿತು. ಇದರಲ್ಲಿ ಒಂದೂ ಕೈಯ ತಪ್ಪಲ್ಲ, ಅಲ್ವಾ?

ನಿಯಮಗಳನ್ನು ಸುಮ್ನೆ ಬಾಯಿಪಾಠ ಮಾಡುವ ಬದಲು ಒಂದೇ ಪ್ರಶ್ನೆ ಇಟ್ಟುಕೊಂಡು ಹೊರಟರೆ ಸುಲಭ: ಈ ಮಾತುಕತೆ ಯಾರದ್ದು? ಆಸ್ಪತ್ರೆಯಲ್ಲಾದರೆ ರೋಗಿ ಮತ್ತು ಡಾಕ್ಟರದ್ದು. ಬ್ಯಾಂಕಿನಲ್ಲಾದರೆ ಗ್ರಾಹಕ ಮತ್ತು ಮ್ಯಾನೇಜರದ್ದು. ಇಂಟರ್‌ಪ್ರಿಟರ್‌ಗೆ ಅದರಲ್ಲಿ ಪಾಲಿಲ್ಲ. ಕೆಳಗೆ ಬರುವುದೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಹುಟ್ಟುತ್ತದೆ.

"ನಾನು" ಎಂದು ಹೇಳುವುದು

ಡಾಕ್ಟರು ಇಂಟರ್‌ಪ್ರಿಟರ್ ಕಡೆ ತಿರುಗಿ "ಇವರಿಗೆ ಎಷ್ಟು ದಿನದಿಂದ ನೋವಿದೆ ಅಂತ ಕೇಳಿ" ಅನ್ನುತ್ತಾರೆ. ಹೊಸಬರು ರೋಗಿಯನ್ನು ಕೇಳಿ, ಉತ್ತರ ಪಡೆದು, "ಅವರಿಗೆ ಮೂರು ದಿನದಿಂದ ನೋವಂತೆ" ಎಂದು ವರದಿ ಒಪ್ಪಿಸುತ್ತಾರೆ. ಆ "ಅಂತೆ" ಬಂದ ಕೂಡಲೇ ಮಾತು ರೋಗಿಯ ಕೈ ತಪ್ಪಿತು. ಹೇಳಬೇಕಾದ್ದು "ನನಗೆ ಮೂರು ದಿನದಿಂದ ನೋವಿದೆ" ಎಂದು. ಶುರುವಾಗುವ ಮೊದಲೇ ಡಾಕ್ಟರಿಗೆ ತಿಳಿಸಿಬಿಡಿ: "ನಾನು ಅವರ ಮಾತನ್ನು ಅವರೇ ಹೇಳಿದ ಹಾಗೆ ಹೇಳುತ್ತೇನೆ. ದಯವಿಟ್ಟು ಅವರನ್ನೇ ನೋಡಿ, ಅವರ ಜೊತೆಗೇ ಮಾತಾಡಿ." ಇಷ್ಟು ಹೇಳಿದ ಮೇಲೂ ಡಾಕ್ಟರು "ಅಂತ ಕೇಳಿ" ಎಂದರೆ ಆ "ಕೇಳಿ"ಯನ್ನೂ ಸನ್ನೆಯಲ್ಲಿ ಹೇಳಿ. ತನ್ನನ್ನು ಬದಿಗಿಟ್ಟು ಮಾತಾಡುತ್ತಿದ್ದಾರೆ ಎಂಬುದು ಕ್ಲೈಂಟ್‌ಗೆ ಗೊತ್ತಾಗುತ್ತದೆ. "ನನ್ನನ್ನೇ ಕೇಳಿ ಡಾಕ್ಟ್ರೇ" ಎಂದು ಅವರೇ ಹೇಳಬಹುದು.

ಡಾಕ್ಟರು ಮಾತಾಡುವಾಗ ಕಿವುಡ ರೋಗಿಯ ಕಣ್ಣು ಇಂಟರ್‌ಪ್ರಿಟರ್ ಮೇಲಿರುತ್ತದೆ. ಅದು ಅಗೌರವವಲ್ಲ, ಅವರು ಕೇಳಿಸಿಕೊಳ್ಳುವುದೇ ಹಾಗೆ. ಕಿವಿ ಕೇಳುವ ಜನಕ್ಕೆ ಇದು ಮೊದಲಿಗೆ ಇರುಸುಮುರುಸು ಆಗುತ್ತದೆ.

ಸನ್ನೆಯನ್ನು ಕನ್ನಡಕ್ಕೆ ತರುವವರಿಗೆ ಒಂದು ಅನುಕೂಲ ಇದೆ. ಹಿಂದಿಯಲ್ಲಿ ಗಂಡಸೊಬ್ಬರ ಮಾತಿಗೆ ಹೆಂಗಸು ದನಿ ಕೊಟ್ಟರೆ "ಮೈಂ ಆಯಾ" ಅನ್ನಬೇಕೋ "ಮೈಂ ಆಯೀ" ಅನ್ನಬೇಕೋ ಎಂಬ ಗೊಂದಲ. ನಮ್ಮಲ್ಲಿ "ನಾನು ಬಂದೆ" ಅಂದರೆ ಮುಗಿಯಿತು. ಅವರ ಬಗ್ಗೆ, ಇವರ ಬಗ್ಗೆ ಹೇಳುವಾಗ ಮಾತ್ರ ಕನ್ನಡ ಸೇಡು ತೀರಿಸಿಕೊಳ್ಳುತ್ತದೆ. ಸನ್ನೆಯಲ್ಲಿ ಒಂದು ಜಾಗಕ್ಕೆ ಬೆರಳು ತೋರಿಸಿದರೆ ಅದು ಅವನೂ ಆಗಬಹುದು, ಅವಳೂ ಆಗಬಹುದು, ಅವರೂ ಆಗಬಹುದು. ಒಡಹುಟ್ಟಿದವನು ಎಂದಾಗ ದೊಡ್ಡವನೋ ಚಿಕ್ಕವನೋ ಎಂದು ಬಿಡಿಸಿ ಹೇಳದಿದ್ದರೆ ಅಣ್ಣ ಅನ್ನುವುದಾ, ತಮ್ಮ ಅನ್ನುವುದಾ? ಊಹೆ ಮಾಡಬೇಡಿ, ಕೇಳಿ. ಆಸ್ತಿ ಪತ್ರದ ಮಾತು ನಡೆಯುತ್ತಿದ್ದರೆ ಅಣ್ಣ, ತಮ್ಮ ಅದಲುಬದಲಾಗುವುದು ಸಣ್ಣ ವಿಷಯವಲ್ಲ.

ನೀನು, ನೀವು ಇನ್ನೂ ಕಷ್ಟ. ಕ್ಲೈಂಟ್ ಅಧಿಕಾರಿಯ ಕಡೆ ಬೆರಳು ತೋರಿಸಿದಾಗ "ನೀವು" ಅನ್ನಬೇಕೋ "ನೀನು" ಅನ್ನಬೇಕೋ ಎಂದು ಅವರ ಮುಖ, ಮೈ ನೋಡಿ ತೀರ್ಮಾನಿಸಬೇಕು. ತಪ್ಪಿದರೆ ಒರಟ ಎನ್ನಿಸಿಕೊಳ್ಳುವುದು ಕ್ಲೈಂಟ್, ನಾವಲ್ಲ. ಇದರ ಇನ್ನೊಂದು ಮಗ್ಗುಲೂ ಇದೆ. ಕೌಂಟರಿನಲ್ಲಿ ಕೂತವರು ಐವತ್ತು ದಾಟಿದ ಕಿವುಡರಿಗೆ "ಏನೋ, ಅಲ್ಲಿ ಕೂತ್ಕೋ" ಅಂದರೆ ಅದನ್ನು ನಯ ಮಾಡಿ "ದಯವಿಟ್ಟು ಕುಳಿತುಕೊಳ್ಳಿ" ಎಂದು ಸನ್ನೆ ಮಾಡಬೇಕಾ? ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ತನ್ನ ಜೊತೆ ಹೇಗೆ ಮಾತಾಡಿದರು ಎಂದು ತಿಳಿಯುವ ಹಕ್ಕು ಅವರಿಗಿದೆ. ಸಿಟ್ಟು ಮಾಡಿಕೊಳ್ಳುವ ಹಕ್ಕೂ ಇದೆ.

ಕೂರುವ ಜಾಗ, ಬೆಳಕು, ಬಳೆ

ಇದು ಸಣ್ಣ ಭಾಗ. ಇಂಟರ್‌ಪ್ರಿಟರ್ ಮಾತಾಡುವವರ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ, ಕಿವುಡರ ಎದುರಿಗೆ ಕೂರಬೇಕು. ಆಗ ಕ್ಲೈಂಟ್‌ಗೆ ಇಬ್ಬರೂ ಒಂದೇ ನೋಟದಲ್ಲಿ ಸಿಗುತ್ತಾರೆ. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಜಾಗ ಬದಲಿಸಿ. ಬಟ್ಟೆ ಚರ್ಮದ ಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ್ದಿರಲಿ. ಚೌಕಳಿ, ಹೂವಿನ ಪ್ರಿಂಟ್, ಕೈ ತುಂಬ ಬಳೆ, ಹೊಸ ಮೆಹಂದಿ ಇವೆಲ್ಲ ಗಂಟೆಗಟ್ಟಲೆ ಕೈಯನ್ನೇ ನೋಡುವವರ ಕಣ್ಣಿಗೆ ಆಯಾಸ.

ಹುಬ್ಬು ಏರಿಸುವುದು, ಗಂಟಿಕ್ಕುವುದು ನಟನೆಯಲ್ಲ, ಸನ್ನೆ ಭಾಷೆಯ ವ್ಯಾಕರಣ. ಮಾಸ್ಕ್ ಹಾಕಿಕೊಂಡರೆ ಅರ್ಧ ವ್ಯಾಕರಣ ಹೋಯಿತು. ಕಿವುಡರನ್ನು ಕರೆಯಬೇಕಾದರೆ ಭುಜ ಮೆಲ್ಲಗೆ ತಟ್ಟಬಹುದು, ಕೈ ಬೀಸಬಹುದು, ಮೇಜು ತಟ್ಟಬಹುದು, ಲೈಟ್ ಸ್ವಿಚ್ ಒಮ್ಮೆ ಆಫ್ ಆನ್ ಮಾಡಬಹುದು. ಮುಖದ ಮುಂದೆ ಚಿಟಿಕೆ ಹೊಡೆಯಬೇಡಿ. ಇಬ್ಬರು ಸನ್ನೆಯಲ್ಲಿ ಮಾತಾಡುತ್ತಿರುವಾಗ ನಡುವೆ ಹಾದುಹೋಗಬೇಕಾದರೆ ಸುಮ್ನೆ ಬೇಗ ಹೋಗಿಬಿಡಿ. ನಿಂತು, ಬಗ್ಗಿ, ಕ್ಷಮೆ ಕೇಳುತ್ತಾ ಹೋದರೆ ಅಡ್ಡಿ ಜಾಸ್ತಿ.

ಇದಕ್ಕಿಂತ ಮುಖ್ಯವಾದದ್ದು ಸಮಯ. ಕಿವುಡರು ಕಾಗದವನ್ನೂ ಇಂಟರ್‌ಪ್ರಿಟರನ್ನೂ ಒಟ್ಟಿಗೆ ನೋಡಲಾರರು. "ಈ ರಿಪೋರ್ಟ್ ನೋಡಿ, ಇಲ್ಲಿ ಸಕ್ಕರೆ ಅಂಶ ಹೆಚ್ಚಿದೆ, ಅದಕ್ಕೆ ಈ ಮಾತ್ರೆ" ಎಂದು ಡಾಕ್ಟರು ಒಂದೇ ಉಸಿರಲ್ಲಿ ಹೇಳಿದರೆ ರಿಪೋರ್ಟ್ ನೋಡಿದವರಿಗೆ ಮಾತ್ರೆ ತಪ್ಪುತ್ತದೆ. ಓದಲು ಬಿಡಿ, ಅವರು ತಲೆ ಎತ್ತಿದ ಮೇಲೆ ಮುಂದಕ್ಕೆ ಹೋಗೋಣ ಎಂದು ಹೇಳುವುದು ಇಂಟರ್‌ಪ್ರಿಟರ್ ಕೆಲಸದಲ್ಲೇ ಸೇರಿದೆ. ಹಾಗೆಯೇ ಉದ್ದದ ಸಭೆ, ತರಗತಿ ಎಂದರೆ ಇಬ್ಬರು ಇಂಟರ್‌ಪ್ರಿಟರ್‌ಗಳು ಬೇಕು. ಸುಮಾರು 20 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಮಿದುಳು ದಣಿದರೆ ತಪ್ಪು ನುಸುಳುತ್ತದೆ, ಅದು ನಮಗೇ ಗೊತ್ತಾಗುವುದಿಲ್ಲ.

ಗುಟ್ಟು

ಅಮೆರಿಕದಲ್ಲಿ 1964ರಲ್ಲಿ ಶುರುವಾದ ಇಂಟರ್‌ಪ್ರಿಟರ್‌ಗಳ ಸಂಸ್ಥೆ ಆರ್‌ಐಡಿ, ಕಿವುಡರ ರಾಷ್ಟ್ರೀಯ ಸಂಘದ ಜೊತೆ ಸೇರಿ 2005ರಲ್ಲಿ ಏಳು ತತ್ವಗಳ ನೀತಿಸಂಹಿತೆ ತಂದಿತು. ಅದರಲ್ಲಿ ಮೊದಲನೆಯದೇ ಗುಟ್ಟು ಕಾಯುವುದು. ನಮ್ಮಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ತೂಕ ಬರಬೇಕು. ಏಕೆಂದರೆ ಒಂದು ಜಿಲ್ಲೆಯ ಕಿವುಡರೆಲ್ಲ ಹೆಚ್ಚುಕಡಿಮೆ ಒಬ್ಬರಿಗೊಬ್ಬರು ಪರಿಚಯ. ಇಂಟರ್‌ಪ್ರಿಟರ್‌ಗಳು ಬೆರಳೆಣಿಕೆಯಷ್ಟು. ಬೆಳಿಗ್ಗೆ ಗಂಡನ ಜೊತೆ ಬ್ಯಾಂಕಿಗೆ ಹೋದವರೇ ಮಧ್ಯಾಹ್ನ ಹೆಂಡತಿಯ ಜೊತೆ ವಕೀಲರ ಆಫೀಸಿಗೆ ಹೋಗಬೇಕಾಗಬಹುದು.

ಅಲ್ಲಿ ಏನು ಮಾತಾಯಿತು ಎಂಬುದಷ್ಟೇ ಗುಟ್ಟಲ್ಲ, ಅಲ್ಲಿಗೆ ಹೋಗಿದ್ದೂ ಗುಟ್ಟು. ಮದುವೆ ಮನೆಯಲ್ಲಿ ಸಿಕ್ಕಾಗ "ಈಗ ಆರೋಗ್ಯ ಹೇಗಿದೆ?" ಎಂದು ಸನ್ನೆ ಮಾಡಿದರೂ ಸಾಕು, ಗುಟ್ಟು ಬಯಲಾಗುತ್ತದೆ. ಸನ್ನೆ ದೂರದಿಂದಲೂ ಕಾಣುತ್ತದೆ. "ಇವತ್ತು ಕೋರ್ಟ್ ಡ್ಯೂಟಿ" ಎಂದು ವಾಟ್ಸಾಪ್ ಸ್ಟೇಟಸ್ ಹಾಕುವುದೂ ಬೇಡ. ನಾವು ಕಲಿಯುವವರು ತರಗತಿಯಲ್ಲಿ ಚರ್ಚೆಗೆ ಒಂದು ಪ್ರಸಂಗ ತರುವಾಗ ಹೆಸರು ತೆಗೆದರೆ ಸಾಲದು. ಊರು, ಕೆಲಸ, ಕಾಯಿಲೆ ಈ ಮೂರು ಗೊತ್ತಾದರೆ ಹೆಸರು ತಾನಾಗಿಯೇ ಸಿಗುತ್ತದೆ.

ಮನೆಯವರನ್ನು ಇಂಟರ್‌ಪ್ರಿಟರ್ ಮಾಡಬಾರದು ಎನ್ನುವುದಕ್ಕೆ ಗುಟ್ಟೂ ಒಂದು ಕಾರಣ, ಬೇರೆ ಕಾರಣಗಳೂ ಇವೆ. ತಾಯಿ ಜೊತೆ ಬಂದರೆ ಡಾಕ್ಟರ ಪ್ರಶ್ನೆಗೆ ತಾಯಿಯೇ ಉತ್ತರ ಕೊಡುತ್ತಾರೆ. ಕಿವುಡ ತಂದೆತಾಯಿಯ ಹತ್ತು ವರ್ಷದ ಮಗಳ ಬಾಯಿಂದ "ಗಡ್ಡೆ ಇದೆ, ಆಪರೇಷನ್ ಆಗಬೇಕು" ಎಂಬುದನ್ನು ಹೇಳಿಸುವುದು ಆ ಮಗುವಿಗೂ ಅನ್ಯಾಯ, ತಾಯಿಗೂ ಅನ್ಯಾಯ.

ಸಹಾಯ ಎಲ್ಲಿಗೆ ನಿಲ್ಲಬೇಕು

ಕ್ಲೈಂಟ್ ಮತ್ತು ಇಂಟರ್‌ಪ್ರಿಟರ್ ನಡುವೆ ಜಾಸ್ತಿ ಮನಸ್ತಾಪ ಬರುವುದು ಇಲ್ಲಿ. ಅಮೆರಿಕದಲ್ಲಿ ಮೊದಲು ಈ ಕೆಲಸ ಮಾಡುತ್ತಿದ್ದವರು ಮನೆಯವರು, ಪಾದ್ರಿಗಳು, ಕಿವುಡರ ಶಾಲೆಯ ಟೀಚರುಗಳು. ಅವರು ಅನುವಾದವನ್ನೂ ಮಾಡುತ್ತಿದ್ದರು, ಬುದ್ಧಿಯನ್ನೂ ಹೇಳುತ್ತಿದ್ದರು. ಅದು ಅತಿಯಾಯಿತು ಎಂದು ಮುಂದೆ ಇಂಟರ್‌ಪ್ರಿಟರ್ ಬರೀ ಯಂತ್ರದಂತೆ ಇರಬೇಕು ಎಂಬ ವಾದ ಬಂತು. ಅದೂ ಅತಿಯಾಗಿ, ಎರಡು ಭಾಷೆ ಎರಡು ಸಂಸ್ಕೃತಿಗಳ ನಡುವಿನವರು ಎಂಬ ನೋಟ ಬಂತು. ನಮ್ಮಲ್ಲಿ ಇವೆಲ್ಲ ಒಟ್ಟಿಗೇ ಇವೆ. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಐಎಸ್‌ಎಲ್‌ಆರ್‌ಟಿಸಿ) ಶುರುವಾಗಿ, ಡಿಪ್ಲೊಮಾ ಓದಿದವರು ಬರುತ್ತಿದ್ದಾರೆ. ಅದೇ ಹೊತ್ತಿಗೆ ತಾಲ್ಲೂಕಿನಲ್ಲಿ ಹಳೆಯ ಟೀಚರೇ ಎಲ್ಲದಕ್ಕೂ ಜೊತೆಗೆ ಹೋಗುತ್ತಾರೆ.

ಅಂಥ ಟೀಚರನ್ನು ನೋಡಿ ಬೆಳೆದ ಕ್ಲೈಂಟ್ ನಮ್ಮನ್ನೂ "ಫಾರಂ ತುಂಬಿಕೊಡು, ಸಾಹೇಬರಿಗೆ ಸ್ವಲ್ಪ ಹೇಳಿ ಕೆಲಸ ಮಾಡಿಸು" ಎಂದು ಕೇಳುವುದು ಸಹಜ. "ಅದು ನನ್ನ ಕೆಲಸ ಅಲ್ಲ" ಎಂದು ಮುಖ ಮುರಿಯುವಂತೆ ಹೇಳಿದರೆ ನೀತಿಸಂಹಿತೆ ಉಳಿಯಿತು, ವಿಶ್ವಾಸ ಹೋಯಿತು. "ಬಾ, ಅವರನ್ನೇ ಕೇಳೋಣ, ನೀನು ಕೇಳು, ನಾನು ದನಿ ಕೊಡ್ತೀನಿ" ಎಂದರೆ ಎರಡೂ ಉಳಿಯುತ್ತವೆ.

ಯಂತ್ರದ ವಾದ ಕೈಕೊಡುವ ಜಾಗವೂ ಇದೆ. ಕ್ಲೈಂಟ್ ತಲೆ ಆಡಿಸುತ್ತಿದ್ದಾರೆ, ಆದರೆ ಅರ್ಥವಾಗಿಲ್ಲ ಎಂದು ನಮಗೆ ಕಾಣುತ್ತಿದೆ. ತಲೆ ಆಡಿಸುವುದಕ್ಕೆ "ನೋಡುತ್ತಿದ್ದೇನೆ, ಮುಂದೆ ಹೇಳಿ" ಎಂಬ ಅರ್ಥವೂ ಇರುತ್ತದೆ. ಡಾಕ್ಟರು ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಾರೆ. ಆಗ "ಇದು ಇಂಟರ್‌ಪ್ರಿಟರ್ ಮಾತು: ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಅಂತ ಅವರಿಂದಲೇ ಒಮ್ಮೆ ಹೇಳಿಸಿ ನೋಡಿ" ಎನ್ನಬಹುದು. ಹಾಗೆ ಹೇಳಿದ್ದನ್ನು ಕ್ಲೈಂಟ್‌ಗೂ ಸನ್ನೆಯಲ್ಲಿ ತಿಳಿಸಲೇಬೇಕು. ಅವರ ಬೆನ್ನ ಹಿಂದೆ ಮಾತು ನಡೆಯಬಾರದು. ನಮಗೇ ಅರ್ಥವಾಗದಿದ್ದಾಗ ತಲೆ ಆಡಿಸುವುದಂತೂ ಇದಕ್ಕಿಂತ ದೊಡ್ಡ ತಪ್ಪು. "ಇನ್ನೊಮ್ಮೆ ಹೇಳಿ" ಎಂದರೆ ಕಿವುಡರು ಬೇಸರ ಮಾಡಿಕೊಳ್ಳುವುದು ಕಡಿಮೆ. ಶಾಲೆಗೆ ಹೋಗದೆ ಮನೆಯ ಸನ್ನೆಗಳಲ್ಲೇ ಬೆಳೆದವರು ಬಂದರೆ ಎಷ್ಟೇ ಕಲಿತ ಇಂಟರ್‌ಪ್ರಿಟರಿಗೂ ಕಷ್ಟ. ಆಗ ಇಂಥ ಸನ್ನೆಗಳನ್ನು ಚೆನ್ನಾಗಿ ಹಿಡಿಯಬಲ್ಲ, ತಾವೂ ಕಿವುಡರೇ ಆದ ಇಂಟರ್‌ಪ್ರಿಟರ್ ಒಬ್ಬರನ್ನು ಕರೆಸಿ, ಇಬ್ಬರೂ ಸೇರಿ ಕೆಲಸ ಮಾಡುವುದು ಒಳ್ಳೆಯದು.

ಇನ್ನೊಂದು ಅಡ್ಡಮಾತು. ಕಿವುಡರು ನೇರವಾಗಿ ಮಾತಾಡುತ್ತಾರೆ, "ದಪ್ಪ ಆಗಿದ್ದೀಯ" ಎಂದು ಮುಖಕ್ಕೇ ಹೇಳುತ್ತಾರೆ ಎಂದು ಪರದೇಶದ ಪಾಠಗಳು ಎಚ್ಚರಿಸುತ್ತವೆ. ನಮ್ಮ ಅತ್ತೆಯಂದಿರ ನಡುವೆ ಬೆಳೆದವರಿಗೆ ಈ ಎಚ್ಚರಿಕೆ ಬೇಕಾಗಿಲ್ಲ.

ಕೋರ್ಟು

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನ ಆನ್‌ಲೈನ್ ವಿಚಾರಣೆಯಲ್ಲಿ ಇಂಟರ್‌ಪ್ರಿಟರ್ ಮೂಲಕ ವಾದಿಸಿದರು. ಇಂಟರ್‌ಪ್ರಿಟರ್ ಪರದೆಯ ಮೇಲೆ ಕಾಣಿಸಿಕೊಳ್ಳಲು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವಕಾಶ ಕೊಟ್ಟರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲೂ ಅವರು ಹೀಗೇ ವಾದಿಸಿದರು. ನಮ್ಮ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ. ಕೋರ್ಟಿಗೆ ಕೇಳಿಸಿದ್ದು ಇಂಟರ್‌ಪ್ರಿಟರ್ ದನಿ, ವಾದ ಮಾತ್ರ ವಕೀಲೆಯದ್ದು.

ಸಾಕ್ಷಿ ಹೇಳುವವರ ವಿಷಯದಲ್ಲಿ ಕಾನೂನೇ ಸ್ಪಷ್ಟ. ಮಾತಾಡಲಾರದ ಸಾಕ್ಷಿಯ ಹೇಳಿಕೆಗೆ ಕೋರ್ಟು ಇಂಟರ್‌ಪ್ರಿಟರ್ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಅದನ್ನು ವಿಡಿಯೊ ಮಾಡಬೇಕು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಂ ಹೇಳುತ್ತದೆ. ವಿಡಿಯೊ ಇರುವುದರಿಂದ ನಮ್ಮ ಅನುವಾದವನ್ನು ಆಮೇಲೆ ಬೇರೆಯವರು ನೋಡಿ ಪ್ರಶ್ನಿಸಬಹುದು. ಹಾಗಾಗಿ ಪ್ರಶ್ನೆಯನ್ನು ಸಲೀಸು ಮಾಡಿಕೊಡುವ ಆಸೆ ಇಲ್ಲಿ ಬೇಡ. ಅರ್ಥವಾಗದಿದ್ದರೆ ನ್ಯಾಯಾಧೀಶರಿಗೆ ತಿಳಿಸಿ, ವಕೀಲರೇ ಪ್ರಶ್ನೆ ಬದಲಿಸಲಿ.

ಕ್ಲೈಂಟ್ ಕೈಯಲ್ಲಿ ಏನಿದೆ

2013ರ ಡಿಸೆಂಬರ್ 10ರಂದು ಜೊಹಾನ್ಸ್‌ಬರ್ಗ್‌ನಲ್ಲಿ ನೆಲ್ಸನ್ ಮಂಡೇಲಾ ಅವರ ಸ್ಮರಣ ಸಭೆ ನಡೆಯಿತು. ಒಬಾಮಾ ಪಕ್ಕದಲ್ಲಿ ನಿಂತ ಇಂಟರ್‌ಪ್ರಿಟರ್ ಅರ್ಥವಿಲ್ಲದೆ ಕೈ ಆಡಿಸಿದ. ಟಿವಿ ನೋಡುತ್ತಿದ್ದ ಕಿವುಡರಿಗೆ ಕೂಡಲೇ ಗೊತ್ತಾಯಿತು, ಅವನನ್ನು ಕರೆಸಿದ, ಕಿವಿ ಕೇಳುವ ಜನಕ್ಕೆ ಗೊತ್ತಾಗಲಿಲ್ಲ. ಇಂಟರ್‌ಪ್ರಿಟರ್ ಚೆನ್ನಾಗಿದ್ದಾರಾ ಎಂದು ಕಿವುಡರನ್ನೇ ಕೇಳಬೇಕು ಎನ್ನುವುದು ಇದಕ್ಕೇ. ಎಲ್ಲಿ ಕಲಿತಿರಿ ಎಂದು ಕ್ಲೈಂಟ್ ಕೇಳಬಹುದು. ಹೊಂದದಿದ್ದರೆ ಬೇರೆಯವರು ಬೇಕು ಎನ್ನಬಹುದು. ನಾವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಕ್ಲೈಂಟ್‌ನಿಂದ ನಾವೂ ಕೆಲವು ನಿರೀಕ್ಷಿಸಬಹುದು. ವಿಷಯ ಏನು, ಯಾರ ಹೆಸರು ಬರುತ್ತದೆ, ಕಾಗದಪತ್ರ ಇದೆಯಾ ಎಂಬುದು ಮುಂಚೆ ಸಿಗಬೇಕು. ಹೆಸರು ವಿಶೇಷವಾಗಿ ಬೇಕು. ನಾವು ಬೆರಳಲ್ಲಿ ಹೇಳುವುದು ಇಂಗ್ಲಿಷ್ ಅಕ್ಷರ, ಊರ ಹೆಸರು ಕನ್ನಡದ್ದು. ಹೊಳಲ್ಕೆರೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಬಿಡಿಸುತ್ತಾರೆ. ಹದಿನೈದು ನಿಮಿಷ ಮೊದಲೇ ಸಿಕ್ಕಿ ಮಾತಾಡಿದರೆ ಇಬ್ಬರ ಸನ್ನೆಯೂ ಹೊಂದಿಕೊಳ್ಳುತ್ತದೆ. ಫೀಸು ಯಾರು ಕೊಡುತ್ತಾರೆ ಎಂಬುದೂ ಆಗಲೇ ತೀರ್ಮಾನವಾಗಿರಲಿ. ಬಾಗಿಲಲ್ಲಿ ನಿಂತು ಕ್ಲೈಂಟ್ ಹತ್ತಿರ ದುಡ್ಡಿನ ಮಾತೆತ್ತಬೇಡಿ. ರಾತ್ರಿ ಹನ್ನೊಂದಕ್ಕೆ ವಿಡಿಯೊ ಕಾಲ್ ಬಂದರೆ ಎತ್ತಬೇಕಾ ಎಂಬುದನ್ನೂ ಮೊದಲೇ ಹೇಳಿಕೊಂಡರೆ ಒಳ್ಳೆಯದು.

ಡಾಕ್ಟರು ಹೊರಗೆ ಹೋದಾಗ ಇಂಟರ್‌ಪ್ರಿಟರ್ ಕೂಡ ಹೊರಗೆ ಹೋಗಬೇಕು ಎಂದು ಹೇಳಿಕೊಡುತ್ತಾರೆ. ಕೇಳಿದಾಗ ಕಟುಕತನ ಎನಿಸುತ್ತದೆ. ಕಾರಣ ಇದು: ಇಬ್ಬರೇ ಉಳಿದಾಗ ಕ್ಲೈಂಟ್ "ಆಪರೇಷನ್ ಮಾಡಿಸಿಕೊಳ್ಳಲಾ, ನೀನೇನಂತೀಯಾ?" ಎಂದು ಕೇಳುತ್ತಾರೆ. ಡಾಕ್ಟರಿಗೆ ಹೇಳದ ಹಳೆಯ ಕಾಯಿಲೆಯನ್ನು ನಮಗೆ ಹೇಳುತ್ತಾರೆ. ಅದು ತಲೆಯಲ್ಲಿ ಕೂತ ಮೇಲೆ ಹೇಳಿದರೂ ತಪ್ಪು, ಬಿಟ್ಟರೂ ತಪ್ಪು. ಹೊರಗೆ ಹೋಗಲು ಜಾಗವಿಲ್ಲದ ಸಣ್ಣ ಕ್ಲಿನಿಕ್ ಆದರೆ "ಇದನ್ನು ಡಾಕ್ಟರು ಬಂದ ಮೇಲೆ ಹೇಳಿ, ನಾನು ದನಿ ಕೊಡುತ್ತೇನೆ" ಎಂದು ಅಲ್ಲೇ ತಡೆಯಿರಿ. ಆಮೇಲೆ ಬಸ್ಸು, ಮಳೆ, ಮಕ್ಕಳ ಶಾಲೆ, ಏನು ಬೇಕಾದರೂ ಮಾತಾಡಿ.