ಲಾರಿ ಅಪಘಾತ: ಮಾಲೀಕನ ಹೊಣೆ ಎಲ್ಲಿಂದ ಶುರುವಾಗುತ್ತದೆ?

ಲಾರಿ ಅಪಘಾತ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಚಾಲಕನ ಮೇಲೆ. ಎಫ್‌ಐಆರ್‌ನಲ್ಲೂ ಅವನ ಹೆಸರೇ. ಆದರೆ 1988ರ ಮೋಟಾರು ವಾಹನ ಕಾಯ್ದೆ ಓದುವಾಗ ಇನ್ನೊಂದು ಪ್ರಶ್ನೆಯನ್ನೂ ಇಟ್ಟುಕೊಳ್ಳಿ: ಲಾರಿ ರಸ್ತೆಗೆ ಇಳಿಯುವ ಮೊದಲೇ ಯಾರಾದರೂ ತಪ್ಪು ಮಾಡಿದ್ದರಾ?

ಮಾಲೀಕನ ಹೊಣೆ ಎರಡು ದಾರಿಯಲ್ಲಿ ಬರುತ್ತದೆ. ಕೆಲಸದ ಮೇಲಿದ್ದ ಚಾಲಕ ತಪ್ಪು ಮಾಡಿದರೆ ಮಾಲೀಕನೂ ಹೊಣೆ. ಕಾನೂನು ಪರೀಕ್ಷೆಯಲ್ಲಿ 'ವಿಕೇರಿಯಸ್ ಲಯಬಿಲಿಟಿ' ಅಂತ ಬರೆಯುತ್ತೇವಲ್ಲ, ಅದೇ. ಇದು ಎಲ್ಲರಿಗೂ ಗೊತ್ತು. ಇನ್ನೊಂದು ಮಾಲೀಕನ ಸ್ವಂತ ನಿರ್ಲಕ್ಷ್ಯ. ನನ್ನ ಪ್ರಕಾರ ನಾವು ಜಾಸ್ತಿ ಓದಬೇಕಾದದ್ದು ಇದನ್ನೇ.

ಒಂದು ಟ್ರಿಪ್ ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಮುಂಬೈಗೆ ಸುಮಾರು 980 ಕಿ.ಮೀ. ಲೋಡ್ ತುಂಬಿದ ಲಾರಿಗೆ ಸರಾಸರಿ 40 ಕಿ.ಮೀ. ವೇಗ ಹಿಡಿದರೂ 24 ಗಂಟೆಗಿಂತ ಹೆಚ್ಚು ಹೊತ್ತು ಸ್ಟಿಯರಿಂಗ್ ಮುಂದೆ ಕೂರಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿದ್ದ ಮಿತಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಒಬ್ಬನೇ ಚಾಲಕನನ್ನು ಕಳಿಸಿ 'ನಾಳೆ ಸಂಜೆಯೊಳಗೆ ಮಾಲು ತಲುಪಬೇಕು' ಅಂದರೆ, ಅವನು ನಿದ್ದೆಗಣ್ಣಲ್ಲಿ ಓಡಿಸುತ್ತಾನೆ ಎಂಬುದು ಆ ಮಾತು ಹೇಳಿದವರಿಗೂ ಗೊತ್ತಿರುತ್ತದೆ, ಅಲ್ವಾ? ಎಲ್ಲಿ ಎಷ್ಟು ಹೊತ್ತಿಗೆ ಇದ್ದ ಎಂಬುದು ಟೋಲ್‌ಗಳ ಫಾಸ್ಟ್ಯಾಗ್ ದಾಖಲೆಯಲ್ಲೇ ಸಿಗುತ್ತದೆ. ವಕೀಲರಾಗುವವರು ಈ ದಾಖಲೆ ಕೇಳುವುದನ್ನು ಮರೆಯಬಾರದು.

ಓವರ್‌ಲೋಡ್ ಕೂಡ ಹೀಗೆಯೇ. ಮೋಟಾರು ವಾಹನ ಕಾಯ್ದೆಗೆ ಆದ 2019ರ ತಿದ್ದುಪಡಿಯ ನಂತರ ಸೆಕ್ಷನ್ 194ರ ದಂಡ 20,000 ರೂ., ಅದರ ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂ. ಲೋಡ್ ಎಷ್ಟು ಎಂದು ತೀರ್ಮಾನಿಸುವುದು ಬಹಳ ಸಲ ಚಾಲಕನ ಕೈಯಲ್ಲಿ ಇರುವುದೇ ಇಲ್ಲ.

ಇನ್ನು 'ಬ್ರೇಕ್ ಫೇಲ್ ಆಯ್ತು' ಎಂಬ ವಾದ. ಮಾಲೀಕರು ಸಾಮಾನ್ಯವಾಗಿ ಇದರ ಹಿಂದೆ ನಿಲ್ಲುತ್ತಾರೆ. 1977ರಲ್ಲೇ ಸುಪ್ರೀಂ ಕೋರ್ಟ್ ಒಂದು ಲಾರಿ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ದೋಷ ಒಳಗೆ ಅಡಗಿತ್ತು, ಸರಿಯಾಗಿ ನೋಡಿಕೊಂಡಿದ್ದರೂ ಗೊತ್ತಾಗುತ್ತಿರಲಿಲ್ಲ ಎಂಬುದನ್ನು ಮಾಲೀಕನೇ ಸಾಬೀತು ಮಾಡಬೇಕು. ಸುಮ್ನೆ ಬ್ರೇಕ್ ಹೋಯ್ತು ಅಂದರೆ ಸಾಲದು. ಹಾಗಾಗಿ ಮೋಟಾರು ವಾಹನ ನಿರೀಕ್ಷಕರ ವರದಿಯನ್ನು ಪೂರ್ತಿ ಓದಿ. ಗ್ಯಾರೇಜ್ ಬಿಲ್ಲು ಕೇಳಿ. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ, ಇದ್ದ ಮಾತ್ರಕ್ಕೆ ಮಾಲೀಕ ಬಚಾವಾಗುವುದಿಲ್ಲ. 8 ವರ್ಷದೊಳಗಿನ ಲಾರಿಗೆ ಎಫ್‌ಸಿ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಆ ನಡುವೆ ಬ್ರೇಕ್ ಸವೆಯುತ್ತಲೇ ಇರುತ್ತದೆ.

'ಲಾರಿ ನಮ್ಮದಲ್ಲ, ಬಾಡಿಗೆಗೆ ತಗೊಂಡಿದ್ದು' ಎನ್ನುವ ಟ್ರಾನ್ಸ್‌ಪೋರ್ಟ್ ಕಂಪನಿಗಳೂ ಇವೆ. ಮೊದಲು ನೋಡಬೇಕಾದದ್ದು ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಯಾರ ಹೆಸರಿದೆ ಎಂದು. ಆದರೆ ವಿಚಾರ ಅಲ್ಲಿಗೇ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಬಸ್ಸಿನ ಚಾಲಕ ರಾಜಸ್ಥಾನ ರಾಜ್ಯ ಸಾರಿಗೆ ನಿಗಮದ ಹತೋಟಿಯಲ್ಲಿದ್ದ ಕಾರಣ, ನಿಗಮವೂ ಹೊಣೆ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚಾಲಕ ಯಾರ ಮಾತಿನಂತೆ ಗಾಡಿ ಓಡಿಸುತ್ತಿದ್ದ ಎಂಬುದನ್ನು ಹುಡುಕಿ.

ಹೇಗಿದ್ದರೂ ದುಡ್ಡು ಕೊಡುವುದು ವಿಮೆ ಕಂಪನಿ ತಾನೇ ಎನ್ನಬಹುದು. ಸುಪ್ರೀಂ ಕೋರ್ಟ್‌ನ 2004ರ ಸ್ವರಣ್ ಸಿಂಗ್ ತೀರ್ಪನ್ನು ಇಲ್ಲಿ ಓದಬೇಕು. ಲೈಸೆನ್ಸ್ ಇಲ್ಲದವನ ಕೈಗೆ ಮಾಲೀಕ ಗೊತ್ತಿದ್ದೂ ಲಾರಿ ಕೊಟ್ಟಿದ್ದರೆ, ನೊಂದವರಿಗೆ ಮೊದಲು ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡುವಂತೆ ವಿಮೆ ಕಂಪನಿಗೆ ಆದೇಶ ಆಗಬಹುದು. ಮಾಲೀಕನ ನಿರ್ಲಕ್ಷ್ಯ ಅವನ ಜೇಬಿಗೆ ತಟ್ಟುವುದು ಇಲ್ಲೇ.

ಕೊನೆಯದು, ನಿಂತ ಲಾರಿ. ನಮ್ಮ ಹೆದ್ದಾರಿಗಳಲ್ಲಿ ಓಡಾಡುವವರಿಗೆ ಇದನ್ನು ವಿವರಿಸಬೇಕಿಲ್ಲ: ಕತ್ತಲು, ಹಿಂದಿನ ದೀಪ ಇಲ್ಲ, ರಿಫ್ಲೆಕ್ಟರ್ ಮೇಲೆ ಧೂಳು, ಕ್ಲೀನರ್ ಇಟ್ಟ ನಾಲ್ಕು ಕಲ್ಲು. ಅಪಾಯವಾಗುವಂತೆ ವಾಹನ ನಿಲ್ಲಿಸಿ ಹೋಗುವುದನ್ನು ಸೆಕ್ಷನ್ 122 ನಿಷೇಧಿಸುತ್ತದೆ. ಆದರೂ 'ಹಿಂದಿನಿಂದ ಗುದ್ದಿದವನದೂ ತಪ್ಪು' ಎಂದು ಪರಿಹಾರ ಕಡಿತ ಮಾಡುವುದು ಉಂಟು. ನಿಂತ ಲಾರಿಗೆ ಕಾರು ಗುದ್ದಿದ ಇಂಥದ್ದೇ ಪ್ರಕರಣ ಕರ್ನಾಟಕ ಹೈಕೋರ್ಟ್‌ನಿಂದ ಹೋದಾಗ, 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಡಿತವನ್ನು ಒಪ್ಪಲಿಲ್ಲ. ಯಾವ ಸೂಚನೆಯೂ ಇಲ್ಲದೆ ಹೆದ್ದಾರಿ ಮಧ್ಯೆ ಲಾರಿ ಬಿಟ್ಟವರದೇ ಪೂರ್ತಿ ತಪ್ಪು ಎಂದಿತು. ಕಾರಿನ ಚಾಲಕನ ತಪ್ಪು ಇದ್ದರೂ ಅದನ್ನು ಜೊತೆಯಲ್ಲಿ ಕೂತಿದ್ದವರ ತಲೆಗೆ ಕಟ್ಟುವಂತಿಲ್ಲ. 2015ರ ಇನ್ನೊಂದು ತೀರ್ಪಿನ ಪ್ರಕಾರ, ಎರಡು ವಾಹನಗಳ ತಪ್ಪಿದ್ದಾಗ ಅಂಥ ಪ್ರಯಾಣಿಕರು ಪೂರ್ತಿ ಪರಿಹಾರವನ್ನು ಲಾರಿಯ ಕಡೆಯವರಿಂದಲೇ ಕೇಳಬಹುದು.