ಕಪ್ಪೆಯ ಬಣ್ಣ ಯಾಕೆ ಕಂದಿತು?

1790ರಲ್ಲಿ ಜಾನ್ ವೈಟ್ ಎಂಬ ವೈದ್ಯರು ಆಸ್ಟ್ರೇಲಿಯಾದ ಒಂದು ಮರಗಪ್ಪೆಯನ್ನು ಹೊರಜಗತ್ತಿಗೆ ಪರಿಚಯಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲಿ 'ಸೆರೂಲಿಯ' ಎಂಬ ಪದವಿದೆ. ಲ್ಯಾಟಿನ್ ಭಾಷೆಯಲ್ಲಿ ಹಾಗಂದರೆ ನೀಲಿ. ಆದರೆ ಜೀವಂತ ಕಪ್ಪೆ ನೋಡಿದರೆ ಎಲೆಯಷ್ಟು ಹಸಿರು! ಈ ಎಡವಟ್ಟಿಗೆ ಕಾರಣ ಸ್ಪಿರಿಟ್. ಕೆಡದಿರಲಿ ಅಂತ ಕಪ್ಪೆಯನ್ನು ಅದರಲ್ಲಿ ಅದ್ದಿಟ್ಟಿದ್ದರು. ಚರ್ಮದಲ್ಲಿದ್ದ ಹಳದಿ ಕರಗಿಹೋಗಿ ನೀಲಿ ಮಾತ್ರ ಉಳಿಯಿತು.

ಈಗ ಅದೇ ಕಪ್ಪೆ ಎಷ್ಟೋ ಮನೆಗಳ ಗಾಜಿನ ಪೆಟ್ಟಿಗೆಯಲ್ಲಿ ಸಾಕುಪ್ರಾಣಿ. ಸಾಕುವವರನ್ನು ಪದೇ ಪದೇ ಕಾಡುವ ಪ್ರಶ್ನೆಯೂ ಬಣ್ಣದ್ದೇ. ನಿನ್ನೆ ಹಸಿರಾಗಿದ್ದ ಕಪ್ಪೆ ಇವತ್ತು ಯಾಕೆ ಕಂದು? ತಂದಾಗ ಇದ್ದ ಹೊಳಪು ವರ್ಷ ಕಳೆಯುವುದರಲ್ಲಿ ಎಲ್ಲಿ ಹೋಯಿತು? ಇವೆರಡೂ ಕೇಳುವುದಕ್ಕೆ ಒಂದೇ ಥರ ಇವೆ, ಆದರೆ ಉತ್ತರ ಬೇರೆ ಬೇರೆ. ಒಂದು ಬದಲಾವಣೆ ಗಂಟೆಗಳ ಲೆಕ್ಕದ್ದು, ಇನ್ನೊಂದು ತಿಂಗಳುಗಳ ಲೆಕ್ಕದ್ದು. ಇವನ್ನು ಬೆರೆಸಿಬಿಟ್ಟರೆ ಬೇಡದ ಕಡೆ ಗಾಬರಿಯಾಗುತ್ತೇವೆ, ಬೇಕಾದ ಕಡೆ ಸುಮ್ನೆ ಇದ್ದುಬಿಡುತ್ತೇವೆ.

ಮೊದಲು ಚರ್ಮದೊಳಗೆ ಇಣುಕೋಣ. ಕಪ್ಪೆಯ ಚರ್ಮದಲ್ಲಿ ಬಣ್ಣದ ಜೀವಕೋಶಗಳು ಮೂರು ಪದರಗಳಲ್ಲಿ ಕೂತಿರುತ್ತವೆ. ಮೇಲಿನದರಲ್ಲಿ ಹಳದಿ, ಕಿತ್ತಳೆ, ಕೆಂಪು ಬಣ್ಣದ ಪದಾರ್ಥಗಳು. ನಡುವಿನದರಲ್ಲಿ ಬಣ್ಣವೇ ಇಲ್ಲ, ಗ್ವಾನೀನ್ ಎಂಬ ವಸ್ತುವಿನ ಪುಟ್ಟ ಪುಟ್ಟ ಹರಳುಗಳಿವೆ. ಅವು ಕನ್ನಡಿ ಚೂರುಗಳ ಹಾಗೆ ನೀಲಿ ಬೆಳಕನ್ನು ಹೊರಗೆ ಚೆಲ್ಲುತ್ತವೆ. ಆ ನೀಲಿ ಮೇಲಿನ ಹಳದಿಯ ಮೂಲಕ ಹಾದು ಬಂದಾಗ ನಮ್ಮ ಕಣ್ಣಿಗೆ ಹಸಿರು. ಅಂದರೆ ಇಂಥ ಹಸಿರು ಕಪ್ಪೆಯ ಚರ್ಮದಲ್ಲಿ ಹಸಿರು ಬಣ್ಣ ಅನ್ನುವುದೇ ಇಲ್ಲ! ಸ್ಪಿರಿಟ್‌ನಲ್ಲಿದ್ದ ಕಪ್ಪೆ ನೀಲಿಯಾಗಿದ್ದು ಯಾಕೆ ಅಂತ ಈಗ ಗೊತ್ತಾಯಿತು, ಅಲ್ವಾ?

ಮೂರನೆಯ, ತಳದ ಪದರದ್ದು ಮೆಲನಿನ್ ತುಂಬಿದ ಕೋಶಗಳು. ಇವಕ್ಕೆ ಬೆರಳಿನಂಥ ಚಾಚುಗಳಿವೆ, ಅವು ಮೇಲಿನ ಹರಳುಗಳವರೆಗೂ ಹಬ್ಬಿವೆ. ಮೆಲನಿನ್‌ನ ಕಪ್ಪು ಕಣಗಳು ಕೋಶದ ನಡುವೆ ಮುದುಡಿ ಕೂತರೆ ಕಪ್ಪೆ ತಿಳಿಬಣ್ಣಕ್ಕೆ ಬರುತ್ತದೆ. ಅವೇ ಕಣಗಳು ಬೆರಳುಗಳೊಳಗೆ ಹರಡಿಕೊಂಡರೆ ಹರಳುಗಳ ಮೇಲೆ ಪರದೆ ಎಳೆದ ಹಾಗೆ. ಹಸಿರು ಹೋಗಿ ಕಂದು ಬರುತ್ತದೆ. ಹೊಸ ಬಣ್ಣವೇನೂ ತಯಾರಾಗಿಲ್ಲ, ಇದ್ದ ಕಣಗಳು ಜಾಗ ಬದಲಿಸಿವೆ ಅಷ್ಟೆ. ಅದಕ್ಕೇ ಇದೆಲ್ಲ ಬೇಗ ಆಗುತ್ತದೆ, ಬೇಗ ವಾಪಸ್ಸೂ ಹೋಗುತ್ತದೆ.

ಈ ಪರದೆಯ ಹಗ್ಗ ಇರುವುದು ಸುತ್ತಲಿನ ಜಾಗದ ಕೈಯಲ್ಲಿ. ತಣ್ಣಗಿದ್ದರೆ ಸಾಮಾನ್ಯವಾಗಿ ಕಪ್ಪೆ ಗಾಢವಾಗುತ್ತದೆ, ಬೆಚ್ಚಗೆ ಬೆಳಕಾಗಿದ್ದರೆ ತಿಳಿಯಾಗುತ್ತದೆ. ನೆಲದ ಬಣ್ಣವೂ ಮುಖ್ಯ. ಬ್ರಿಟಿಷ್ ವಿಜ್ಞಾನಿ ಲಾನ್ಸ್‌ಲಾಟ್ ಹಾಗ್ಬೆನ್ 1920ರ ದಶಕದಲ್ಲಿ ಇದರ ಬೆನ್ನು ಹತ್ತಿದರು. ಕಪ್ಪು ತಳದ ತೊಟ್ಟಿಯಲ್ಲಿಟ್ಟ ಆಫ್ರಿಕಾದ ಜೆನೊಪಸ್ ಕಪ್ಪೆಗಳು ಗಾಢವಾಗುತ್ತವೆ, ಬಿಳಿ ತಳದಲ್ಲಿ ಬಿಳಿಚಿಕೊಳ್ಳುತ್ತವೆ. ನೆಲವನ್ನು ಗಮನಿಸುವುದು ಕಣ್ಣು, ಚರ್ಮಕ್ಕೆ ಸುದ್ದಿ ಮುಟ್ಟಿಸುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು. ಗಾಬರಿ, ಒತ್ತಡ ಆದಾಗಲೂ ಕಪ್ಪೆ ಕಪ್ಪಾಗುವುದುಂಟು.

ಪಿಟ್ಯುಟರಿಯ ಹಾರ್ಮೋನು ಕಪ್ಪೆಯನ್ನು ಗಾಢ ಮಾಡಿದರೆ, ಅದಕ್ಕೆ ತದ್ವಿರುದ್ಧ ಕೆಲಸ ಮಾಡುವ ಹಾರ್ಮೋನೂ ಇದೆ, ಅದರ ಕಥೆ ನನಗೆ ತುಂಬ ಇಷ್ಟ. 1958ರಲ್ಲಿ ಆರನ್ ಲರ್ನರ್ ಎಂಬ ಚರ್ಮವೈದ್ಯರು ಹಸುವಿನ ಮೆದುಳಿನಲ್ಲಿರುವ ಪೀನಿಯಲ್ ಎಂಬ ಪುಟ್ಟ ಗ್ರಂಥಿಗಳಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಕಪ್ಪೆಯ ಚರ್ಮಕ್ಕೆ ಸೋಕಿಸಿದರೆ ಅದು ತಿಳಿಯಾಗುತ್ತಿತ್ತು. ಮೆಲನಿನ್ ಕಣಗಳನ್ನು ಮುದುಡಿಸುವುದರಿಂದ ಅದಕ್ಕೆ ಮೆಲಟೋನಿನ್ ಎಂದು ಹೆಸರಿಟ್ಟರು. ಇವತ್ತು ನಾವು ನಿದ್ದೆಯ ಹಾರ್ಮೋನು ಅಂತ ಕರೆಯುವುದು ಇದನ್ನೇ. ಅದು ಮೊದಲು ಗುರುತು ತೋರಿಸಿದ್ದು ಕಪ್ಪೆಯ ತೊಗಲಿನ ಮೇಲೆ.

ಹಾಗಾಗಿ ಬೆಳಿಗ್ಗೆ ಕಂದಾಗಿ ಕೂತಿದ್ದ ಕಪ್ಪೆ ಮಧ್ಯಾಹ್ನದ ಹೊತ್ತಿಗೆ ಹಸಿರಾದರೆ ಅದು ಕಾಯಿಲೆಯಲ್ಲ. ಆದರೆ ದಿನಗಟ್ಟಲೆ ಗಾಢವಾಗಿಯೇ ಇದ್ದರೆ ಪೆಟ್ಟಿಗೆಯ ಉಷ್ಣತೆ ನೋಡಿ, ಅಡಗಿ ಕೂರಲು ಮರೆ ಇದೆಯಾ ನೋಡಿ. ಜೊತೆಗೆ ಊಟ ಬಿಟ್ಟಿದ್ದರೆ, ಅಥವಾ ಹೊಟ್ಟೆ, ತೊಡೆ ಕೆಂಪಾಗಿದ್ದರೆ ತಡ ಮಾಡದೆ ಪಶುವೈದ್ಯರಿಗೆ ತೋರಿಸಿ. ಇನ್ನೊಂದು ಮಾತು: ಪೊರೆ ಬಿಡುವ ಮುಂಚೆ ಕಪ್ಪೆ ಮಂಕಾಗುತ್ತದೆ. ಆಮೇಲೆ ಮೈ ತಿರುಚುತ್ತಾ, ಬಾಯಿ ತೆರೆದು ಮುಚ್ಚುತ್ತಾ, ಹಳೇ ಚರ್ಮವನ್ನು ಅಂಗಿ ಕಳಚಿದ ಹಾಗೆ ಎಳೆದು ನುಂಗಿಬಿಡುತ್ತದೆ. ಒಳಗಿಂದ ಹೊಳೆಯುವ ಹೊಸ ಮೈ!

ಈಗ ನಿಧಾನದ ಬದಲಾವಣೆಗೆ ಬರೋಣ. ಮೇಲಿನ ಪದರದ ಹಳದಿ, ಕೆಂಪುಗಳಲ್ಲಿ ಒಂದಷ್ಟನ್ನು ಕಪ್ಪೆ ತಾನೇ ತಯಾರಿಸಿಕೊಳ್ಳುತ್ತದೆ. ಉಳಿದದ್ದು ಕ್ಯಾರೊಟಿನಾಯ್ಡ್‌ಗಳು, ಕ್ಯಾರೆಟ್‌ಗೆ ಬಣ್ಣ ಕೊಡುವಂಥವು. ಇವನ್ನು ಕಪ್ಪೆಯ ದೇಹ ತಯಾರಿಸಲಾರದು, ಊಟದಲ್ಲೇ ಸಿಗಬೇಕು. ಕಾಡಿನ ಕಪ್ಪೆ ಹತ್ತಾರು ಬಗೆಯ ಹುಳು ತಿನ್ನುತ್ತದೆ, ಆ ಹುಳುಗಳು ಎಲೆ, ಪಾಚಿ, ಹೂವು ತಿಂದಿರುತ್ತವೆ. ಸಾಕಿದ ಕಪ್ಪೆಗೆ ಸಿಗುವುದು ಹೆಚ್ಚಾಗಿ ಒಂದೇ ಬಗೆ, ಒಣ ಹಿಟ್ಟು ತಿಂದು ಬೆಳೆದ ಕ್ರಿಕೆಟ್ ಹುಳು. ಅದರಲ್ಲಿ ಕ್ಯಾರೊಟಿನಾಯ್ಡ್ ಕಡಿಮೆ. ಬೆಂಕಿಹೊಟ್ಟೆ ಕಪ್ಪೆಯಲ್ಲಿ ಇದು ಕಣ್ಣಿಗೆ ಹೊಡೆದು ಕಾಣುತ್ತದೆ. ಕಾಡಿನಲ್ಲಿ ಅದರ ಹೊಟ್ಟೆ ಕೆಂಡದಂತೆ ಕೆಂಪು. ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದದ್ದರ ಹೊಟ್ಟೆ ಎಷ್ಟೋ ಸಲ ಬರೀ ತಿಳಿ ಕಿತ್ತಳೆ, ಇಲ್ಲವೇ ಹಳದಿ.

ಇದು ಬರೀ ಚಂದದ ಪ್ರಶ್ನೆ ಅಲ್ಲ. ಕೆಂಪುಗಣ್ಣಿನ ಮರಗಪ್ಪೆಗಳ ಮೇಲೆ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಊಟದಲ್ಲಿ ಕ್ಯಾರೊಟಿನಾಯ್ಡ್ ಸಿಕ್ಕ ಕಪ್ಪೆಗಳ ಚರ್ಮ ಜಾಸ್ತಿ ಕೆಂಪಾಯಿತು, ಅವು ಮೊಟ್ಟೆಯನ್ನೂ ಜಾಸ್ತಿ ಇಟ್ಟವು. ಕ್ರಿಕೆಟ್ ಹುಳುವಿನಲ್ಲಿ ವಿಟಮಿನ್ ಎ ಕೂಡ ಕಡಿಮೆಯೇ. ಅದು ತೀರಾ ಕೊರತೆಯಾದರೆ ಕಪ್ಪೆಯ ನಾಲಿಗೆಯ ಅಂಟೇ ಹೋಗಿಬಿಡುತ್ತದೆ. ಕಪ್ಪೆಗೆ ಹುಳು ಕಾಣುತ್ತದೆ, ಅದು ಗುರಿಯಿಟ್ಟು ಎರಗುತ್ತದೆ, ನಾಲಿಗೆ ತಾಗಿಯೂ ತಾಗುತ್ತದೆ. ಹುಳು ಮಾತ್ರ ಅಂಟುವುದಿಲ್ಲ. ಮತ್ತೆ ಎರಗುತ್ತದೆ, ಮತ್ತೆ ಬರಿಬಾಯಿ. ಊಟ ಎದುರಿಗಿದ್ದೂ ಹಸಿದುಕೊಂಡೇ ಇರುವ ಆ ಜೀವವನ್ನು ನೆನೆದರೆ ಸಂಕಟವಾಗುತ್ತದೆ.

ಹಾಗಂತ ಕಪ್ಪೆಗೆ ಕ್ಯಾರೆಟ್ ತಿನ್ನಿಸಲಾಗದು, ಅದಕ್ಕೆ ಬೇಕಾದ್ದು ಓಡಾಡುವ ಹುಳು. ಆದ್ದರಿಂದ ಹುಳುವಿಗೇ ಒಳ್ಳೆ ಊಟ ಹಾಕಬೇಕು. ಕಪ್ಪೆಗೆ ಕೊಡುವ ಒಂದೆರಡು ದಿನ ಮುಂಚಿನಿಂದ ಹುಳುಗಳಿಗೆ ಕ್ಯಾರೆಟ್, ಹಸಿರು ಸೊಪ್ಪು ಕೊಡಿ. ಹುಳುವಿನ ಹೊಟ್ಟೆಯಲ್ಲಿರುವುದು ಕಪ್ಪೆಯ ಹೊಟ್ಟೆ ಸೇರುತ್ತದೆ. ಹುಳುವಿನ ಬಗೆಯನ್ನೂ ಆಗಾಗ ಬದಲಿಸಿ. ವಿಟಮಿನ್ ಪುಡಿ ಉದುರಿಸುವುದಾದರೆ ಅಳತೆ ಮೀರಬೇಡಿ, ವಿಟಮಿನ್ ಎ ಜಾಸ್ತಿಯಾದರೂ ವಿಷವೇ. ಹುಟ್ಟಿನಿಂದಲೇ ಹಳದಿ ಕೋಶಗಳಿಲ್ಲದ ನೀಲಿ ಕಪ್ಪೆಗಳೂ ಇವೆ, ಅವನ್ನು ಯಾವ ಊಟವೂ ಹಸಿರು ಮಾಡದು.

ಊಟ ಬದಲಿಸಿದ ಮೇಲೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಾಯಬೇಕು. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅದೇ ಹೊತ್ತಿನಲ್ಲಿ, ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ಹೊಟ್ಟೆಯ ಬಣ್ಣ ನೋಡಬೇಕು ಅಂತ ಕೈಯಲ್ಲಿ ಹಿಡಿದು ಮಗುಚಬೇಡಿ, ಕಪ್ಪೆಯ ತೊಗಲು ಬಹಳ ನಾಜೂಕು. ಅದು ತಾನಾಗಿ ಗಾಜಿಗೆ ಅಂಟಿಕೊಂಡು ಕೂರುವ ಹೊತ್ತು ಬರುತ್ತದೆ, ಆಗ ಹೊರಗಿನಿಂದಲೇ ನೋಡಿ.